ಒಳಗಿನ ಪ್ಯಾಡ್

ಕಾರು ಕೂಗಲು ಶುರುಮಾಡಿದ್ದು ಮೊದಲು ಗೊತ್ತಾದದ್ದು ಸೊಸೆಗೆ. ಮನೆಯಲ್ಲಿ ದಿನಾ ಕಾರು ಓಡಿಸುತ್ತಿದ್ದವಳು ಅವಳೊಬ್ಬಳೇ. ಅವಳದು ಲ್ಯಾಬೊಂದರಲ್ಲಿ ಹಲ್ಲಿನ ಸೆಟ್ ಮಾಡುವ ಕೆಲಸ. ಡಾಕ್ಟರುಗಳು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಬಣ್ಣದ ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಸಿದ್ಧವಾದ ಸೆಟ್ಟನ್ನು ಪುಟ್ಟ ಡಬ್ಬಿಯಲ್ಲಿಟ್ಟು ಕ್ಲಿನಿಕ್ಕಿಗೆ ತಲುಪಿಸಿ ಬರುತ್ತಾಳೆ. ಹಿಂದಿನ ಸೀಟಿನಲ್ಲಿ ಯಾವಾಗಲೂ ಒಂದಿಷ್ಟು ಡಬ್ಬಿ ಇದ್ದೇ ಇರುತ್ತಿದ್ದವು. "ಈ ಕಾರಲ್ಲಿ ಬಾಯಿಗಿಂತ ಹಲ್ಲೇ ಜಾಸ್ತಿ" ಎಂದು ಅತ್ತೆ ಹತ್ತುವಾಗೆಲ್ಲ ಗೊಣಗುತ್ತಿದ್ದರು.

ಶಬ್ದ ತೀರಾ ಸಣ್ಣದು. ಬ್ರೇಕಿನ ಮೇಲೆ ಕಾಲು ಇಟ್ಟೂ ಇಡದ ಹಾಗೆ ಇಟ್ಟಾಗ ಮುಂದಿನ ಚಕ್ರದ ಕಡೆಯಿಂದ ಕೀಂ ಎಂದು ಏಳುತ್ತಿತ್ತು. ಗಾಜಿನ ಮೇಲೆ ಮೊಳೆ ಎಳೆದಂತೆ. ಜೋರಾಗಿ ಒತ್ತಿದರೆ ನಿಲ್ಲುತ್ತಿತ್ತು. ಮೊದಲ ದಿನ ಬೇರೆ ಯಾರದೋ ಗಾಡಿ ಎಂದುಕೊಂಡಳು. ಎರಡನೇ ದಿನ ರಸ್ತೆಯಲ್ಲಿ ಬೇರೆ ಗಾಡಿಯೇ ಇರಲಿಲ್ಲ.

ಊಟದ ಹೊತ್ತಿಗೆ ವಿಷಯ ಹೇಳಿದಳು. ಹೇಳುವಾಗ ಮಾವನ ಕಡೆ ತಿರುಗಿಯೇ ಹೇಳಿದಳು, ಏಕೆಂದರೆ ಆ ಮನೆಯಲ್ಲಿ ಬ್ರೇಕಿನ ವಿಷಯ ಮಾತಾಡುವ ಹಕ್ಕು ಇದ್ದದ್ದು ಮಾವನಿಗೆ. ಅವರು ಬಸ್ ಡಿಪೊದಲ್ಲಿ ಬ್ರೇಕ್ ಪರೀಕ್ಷೆಯವರಾಗಿ ಇಡೀ ನೌಕರಿ ಮುಗಿಸಿದವರು. ಅಲ್ಲಿ ಅವರಿಗೆ ಕಿವಿ ಮೇಷ್ಟ್ರು ಎಂದು ಅಡ್ಡಹೆಸರು. ಬಸ್ಸನ್ನು ಅವರ ಮುಂದೆ ಓಡಿಸಿ ನಿಲ್ಲಿಸಿದರೆ ಸಾಕು, ಕಣ್ಣು ಮುಚ್ಚಿಕೊಂಡು ನಿಂತು, "ಹಿಂದಿನ ಎಡಗಡೇದು ಇನ್ನು ಒಂದು ತಿಂಗಳು ಬರುತ್ತೆ, ಮುಂದಿನದು ಇವತ್ತೇ ಬಿಚ್ಚಿ" ಎನ್ನುತ್ತಿದ್ದರಂತೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತಂತೆ. ನಿವೃತ್ತಿಯ ದಿನ ಕೊಟ್ಟ ಗಡಿಯಾರದ ಮೇಲೂ ಆ ಅಡ್ಡಹೆಸರನ್ನೇ ಕೆತ್ತಿಸಿದ್ದರು.

"ನಾಳೆ ಒಂದು ಸುತ್ತು ಹೋಗೋಣ," ಎಂದರು ಮಾವ. "ಕೇಳಿ ಹೇಳ್ತೀನಿ."

ಮಾರನೇ ಬೆಳಿಗ್ಗೆ ಅವಳ ಪಕ್ಕ ಕೂತು, ಕಿಟಕಿ ಇಳಿಸಿ, ಕಣ್ಣು ಮುಚ್ಚಿದರು. ಅವಳು ಖಾಲಿ ಬೀದಿಯಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕನ್ನು ಮುಟ್ಟಿದಳು. ಕೀಂ ಎಂದಿತು. ಪಕ್ಕದ ಮನೆಯ ಗೇಟಿನ ಮೇಲೆ ಮಲಗಿದ್ದ ಬೆಕ್ಕು ತಲೆ ಎತ್ತಿತು. ಅವಳು ಮಾವನ ಮುಖ ನೋಡಿದಳು. ಅವರು ಕಣ್ಣು ಮುಚ್ಚಿಯೇ ಇದ್ದರು.

"ಬ್ರೇಕ್ ಹಾಕಮ್ಮಾ," ಎಂದರು.

"ಹಾಕಿದ್ನಲ್ಲ, ಮಾವ."

"ಇನ್ನೊಂದು ಸಲ."

ಇನ್ನೊಂದು ಸಲ ಹಾಕಿದಳು. ಮತ್ತೆ ಕೂಗಿತು. ಮಾವ ಕಣ್ಣು ಬಿಟ್ಟರು. "ಎಲ್ಲಿ? ಏನೂ ಇಲ್ವಲ್ಲ. ಟೈರಿನ ಸದ್ದು ಬಿಟ್ರೆ ಬೇರೆ ಏನೂ ಇಲ್ಲ."

ಕಣ್ಣೆದುರೇ ಇಟ್ಟ ಲೋಟವನ್ನು ನೋಡಿ ಇಲ್ಲಿ ಲೋಟವೇ ಇಲ್ಲ ಎಂದ ಹಾಗಾಯಿತು. ನನ್ನ ಕಿವಿಯೇ ಸರಿಯಿಲ್ಲವೇನೋ ಎಂದುಕೊಂಡಳು. ಲ್ಯಾಬಿನಲ್ಲಿ ದಿನವಿಡೀ ಹಲ್ಲಿನ ಸೆಟ್ ಉಜ್ಜಿ ನಯ ಮಾಡುವ ಮೆಷಿನ್ನಿನ ಮುಂದೆ ಕೂರುವವಳು ತಾನು. ಅದೇ ಗುಂಯ್‌ಗುಡುವಿಕೆ ತಲೆಯಲ್ಲಿ ಉಳಿದುಬಿಟ್ಟಿದೆಯೋ ಏನೋ.

ಆದರೂ ಮಾವ ಕೆಲಸವನ್ನು ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಬಂದ ಮೇಲೆ ಟಾರ್ಚ್ ತಂದು, ಮೊಣಕಾಲೂರಿ, ಚಕ್ರದ ಕಡ್ಡಿಗಳ ಸಂದಿನಿಂದ ಬೆಳಕು ಬಿಟ್ಟರು. "ಬಾ, ನೀನೂ ನೋಡು. ಈ ಹೊಳೆಯೋ ತಟ್ಟೆ ಇದೆಯಲ್ಲ, ಇದು ಡಿಸ್ಕ್. ಇದನ್ನ ಹಿಡ್ಕೊಂಡಿರೋ ಕಪ್ಪು ಪಟ್ಟಿ ಕಾಣುತ್ತಾ? ಅದೇ ಪ್ಯಾಡ್. ಕಿರುಬೆರಳಿನಷ್ಟು ದಪ್ಪ ಇದೆ. ಇದನ್ನ ಬದಲಿಸೋದು ಅಂದ್ರೆ ಅರ್ಧ ಉಂಡ ತಟ್ಟೆ ಎತ್ತಿಟ್ಟ ಹಾಗೆ."

ಅವಳೂ ಬಗ್ಗಿ ನೋಡಿದಳು. ಹೌದು, ದಪ್ಪವಾಗೇ ಇತ್ತು.

"ಗ್ಯಾರೇಜಿನವರಿಗೆ ತೋರಿಸಿದ್ರೆ ಬದಲಿಸಿ ಅಂತಾನೇ ಹೇಳ್ತಾರೆ," ಎಂದರು ಮಾವ ಎದ್ದು ಮೊಣಕಾಲು ಒರೆಸಿಕೊಳ್ಳುತ್ತ. "ಅವರ ಕೆಲಸ ಅದು. ಬೆಳಗಿನ ತೇವಕ್ಕೆ ಡಿಸ್ಕ್ ಮೇಲೆ ತುಕ್ಕಿನ ಪೊರೆ ಕೂರುತ್ತೆ, ಧೂಳು ಸೇರುತ್ತೆ. ನಿನಗೆ ಕೇಳಿಸಿದ್ದು ಅದೇ ಇರಬೇಕು. ತಾನಾಗೇ ಹೋಗುತ್ತೆ."

ಗಂಡನಿಗೆ ಕನ್ನಡಕದ ಅಂಗಡಿ. ಮನೆಯಿಂದ ನಡೆದುಹೋಗುವಷ್ಟು ದೂರ, ಹಾಗಾಗಿ ಅವನು ಕಾರು ಹತ್ತುವುದೇ ಅಪರೂಪ. ಆ ವಾರ ಒಂದು ದಿನ ಅವಳ ಜೊತೆ ಬಂದ. ಕಾರು ಕೂಗಿತು. ಅವನು ಹುಬ್ಬು ಗಂಟಿಕ್ಕಿದ.

"ಕೇಳಿಸ್ತಾ?" ಎಂದಳು.

"ಕೇಳಿಸ್ತು."

"ಮತ್ತೆ ಮಾವ ಏನೂ ಇಲ್ಲ ಅಂದ್ರು."

"ಅಪ್ಪ ಏನೂ ಇಲ್ಲ ಅಂದ್ರೆ ಶಬ್ದ ಇಲ್ಲ ಅಂತಲ್ಲ. ಲೆಕ್ಕಕ್ಕೆ ತಗೊಳ್ಳೋ ಅಂಥ ಶಬ್ದ ಅಲ್ಲ ಅಂತ ಅರ್ಥ. ಅವರು ಕೇಳಿರೋ ಬ್ರೇಕುಗಳೆಷ್ಟು, ನಾವು ಕೇಳಿರೋದೆಷ್ಟು?"

ಚಿಕ್ಕಂದಿನಿಂದ ಅಪ್ಪನ ಕಿವಿಯ ಕಥೆ ಕೇಳುತ್ತ ಬೆಳೆದವನು ಅವನು. ಅಪ್ಪನ ಮಾತಿಗೆ ಎದುರಾಗಿ ತನ್ನ ಕಿವಿಯನ್ನು ನಿಲ್ಲಿಸುವುದು ಅವನಿಗೆ ಹೊಳೆಯುವ ವಿಷಯವೂ ಆಗಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಕೂಗು ನಿಂತೇಹೋಯಿತು. ಒಂದು ಬೆಳಿಗ್ಗೆ ಬ್ರೇಕ್ ಮುಟ್ಟಿದಳು, ಏನೂ ಇಲ್ಲ. ಅವಳಿಗೆ ಹೆಗಲ ಮೇಲಿನ ಭಾರ ಇಳಿದ ಹಾಗಾಯಿತು. ಮಾವನಿಗೆ ಹೇಳಿದಾಗ ಅವರು ಗೆದ್ದವರ ಹಾಗೆ ನಗಲಿಲ್ಲ. "ನಾನು ಹೇಳಿದ್ನಲ್ಲ," ಎಂದು ಪೇಪರ್ ಮಡಿಚಿಟ್ಟರು. ಅಷ್ಟೇ.

ಮುಂದಿನ ಭಾನುವಾರ ಅತ್ತೆಯ ತಂಗಿಯ ಹೊಸ ಮನೆ ನೋಡಲು ಹೊರಟರು. ಗಂಡನಿಗೆ ಅಂಗಡಿ ಬಿಡುವ ಹಾಗಿರಲಿಲ್ಲ. ಮಾವ ಮುಂದೆ ಕೂತರು, ಅತ್ತೆ ಹಿಂದೆ ಹಲ್ಲಿನ ಡಬ್ಬಿಗಳ ಪಕ್ಕ. ಇವರ ಮನೆಯಿದ್ದ ಬಡಾವಣೆ ಗುಡ್ಡದ ಮೇಲಿತ್ತು. ಅಲ್ಲಿಂದ ಪೇಟೆಗೆ ಇಳಿಯುವ ರಸ್ತೆ ಎರಡು ತಿರುವು ತೆಗೆದುಕೊಂಡು, ಕೊನೆಗೆ ನೆಟ್ಟಗೆ ಕಡಿದಾಗಿ ಅಂಗಡಿ ಸಾಲಿನ ನಡುವೆ ಬಂದು ಬೀಳುತ್ತಿತ್ತು.

ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಗರ್ ಎಂದು ದಪ್ಪ ಸದ್ದು ಬಂತು. ಕಲ್ಲಿನ ಮೇಲೆ ಕಬ್ಬಿಣದ ಮಂಚ ಎಳೆದ ಹಾಗೆ. ಕಾಲಿನ ಅಡಿಯಲ್ಲೂ ಅದರ ನಡುಕ ಗೊತ್ತಾಯಿತು.

ಮಾವ ತಟ್ಟನೆ ಅವಳ ಕಡೆ ತಿರುಗಿದರು. ಅವರ ಮುಖದಲ್ಲಿ ಬಣ್ಣವೇ ಇರಲಿಲ್ಲ.

"ಇದು ಯಾವಾಗಿಂದ?"

"ಯಾವುದು, ಮಾವ?"

"ಈ ಸದ್ದು. ಇದು ಕಬ್ಬಿಣ ಕಬ್ಬಿಣಕ್ಕೆ ಉಜ್ತಿರೋದು. ಪ್ಯಾಡ್ ಇಲ್ಲವೇ ಇಲ್ಲ. ಪಕ್ಕಕ್ಕೆ ತಗೋ, ನಿಲ್ಲಿಸು."

ಅಷ್ಟರಲ್ಲಿ ಎರಡನೇ ತಿರುವೂ ದಾಟಿ ಇಳಿಜಾರು ಶುರುವಾಗಿತ್ತು. ಅವಳು ಬ್ರೇಕ್ ಒತ್ತಿದಳು. ಮುಂದೆ ಎಲ್ಲೋ ಟಕ್ ಎಂದಿತು. ಒತ್ತಿದ ಪೆಡಲ್ ಬೆಣ್ಣೆಯೊಳಗೆ ಬೆರಳು ಇಳಿದಂತೆ ಕೆಳಗೆ ಇಳಿಯುತ್ತಲೇ ಹೋಯಿತು. ಕಾರು ನಿಧಾನವಾಗಲಿಲ್ಲ.

"ಮಾವ, ಹಿಡೀತಿಲ್ಲ," ಎಂದಳು. ತನ್ನ ದನಿ ಬೇರೆ ಯಾರದೋ ಎಂಬಂತೆ ಅವಳಿಗೆ ಕೇಳಿಸಿತು.

"ಕಾಲು ಎತ್ತಿ ಮತ್ತೆ ಒತ್ತು. ಎತ್ತು, ಒತ್ತು. ಸ್ವಲ್ಪವಾದರೂ ಹಿಡಿಯುತ್ತೆ. ಗೇರ್ ಇಳಿಸು. ಮೂರು. ಈಗ ಎರಡು." ಮಾವನ ದನಿ ಡಿಪೊದ ದನಿಯಾಗಿತ್ತು; ಏರಲೂ ಇಲ್ಲ, ನಡುಗಲೂ ಇಲ್ಲ. "ಸ್ಟೇರಿಂಗ್ ಬಿಗಿಯಾಗಿ ಹಿಡ್ಕೋ. ಹ್ಯಾಂಡ್ ಬ್ರೇಕ್ ನಾನು ನೋಡ್ಕೋತೀನಿ."

ಎಂಜಿನ್ ಅರಚಿತು. ಮಾವ ಹ್ಯಾಂಡ್ ಬ್ರೇಕಿನ ಗುಂಡಿ ಒತ್ತಿಹಿಡಿದು ಸ್ವಲ್ಪ ಎಳೆದರು, ಬಿಟ್ಟರು, ಮತ್ತೆ ಎಳೆದರು. ಹಿಂಭಾಗ ಒಮ್ಮೆ ಅತ್ತಿತ್ತ ವಾಲಿತು.

ಇಳಿಜಾರಿನ ಬುಡದಲ್ಲಿ ಇಬ್ಬರು ಒಂದು ಬೀರುವನ್ನು ರಸ್ತೆ ದಾಟಿಸುತ್ತಿದ್ದರು. ಬೀರುವಿನ ಬಾಗಿಲಿಗೆ ಆಳೆತ್ತರದ ಕನ್ನಡಿ. ಅದನ್ನು ಅಡ್ಡಡ್ಡ ಹಿಡಿದು ಹೆಜ್ಜೆ ಹೆಜ್ಜೆಯಾಗಿ ಹೋಗುತ್ತಿದ್ದವರಿಗೆ ಮೇಲಿನಿಂದ ಬರುತ್ತಿದ್ದ ಕಾರು ಕಾಣುತ್ತಿರಲಿಲ್ಲ. ಆದರೆ ಅವಳಿಗೆ ಕನ್ನಡಿಯಲ್ಲಿ ತನ್ನದೇ ಕಾರು ತನ್ನ ಕಡೆ ಬರುತ್ತಿರುವುದು ಕಂಡಿತು. ಗಾಜಿನ ಹಿಂದೆ ಮೂರು ಮುಖ. ಅದರಲ್ಲಿ ಒಂದು ತನ್ನದು ಎಂದು ಅವಳಿಗೆ ತಕ್ಷಣ ಗುರುತೇ ಸಿಗಲಿಲ್ಲ.

"ಹಾರ್ನ್ ಒತ್ತು, ಬಿಡಬೇಡ," ಎಂದರು ಮಾವ. "ಅಂಚಿನ ಕಲ್ಲಿಗೆ ಟೈರ್ ಉಜ್ಜು. ಉಜ್ಜು, ಏನೂ ಆಗಲ್ಲ."

ಅವಳು ಸ್ಟೇರಿಂಗ್ ತಿರುಗಿಸಿದಳು. ಟೈರು ಫುಟ್‌ಪಾತಿನ ಅಂಚಿಗೆ ಕಚ್ಚಿಕೊಂಡು ಅರಚಿತು, ರಬ್ಬರ್ ಸುಟ್ಟ ವಾಸನೆ ಎದ್ದಿತು. ಮಾವ ಹ್ಯಾಂಡ್ ಬ್ರೇಕನ್ನು ಪೂರ್ತಿ ಎಳೆದುಬಿಟ್ಟರು. ಕಾರು ಕುಲುಕಿ, ಜಾರಿ, ನಿಂತಿತು. ಬೀರು ಹಿಡಿದವರಲ್ಲಿ ಹಿಂದಿನವನು ಕೈಚಾಚಿದರೆ ಬಾನೆಟ್ ಮುಟ್ಟಬಹುದಿತ್ತು. ಹಿಂದಿನ ಸೀಟಿನ ಡಬ್ಬಿಗಳೆಲ್ಲ ಮುಂದಕ್ಕೆ ಹಾರಿ ಬಾಯಿ ತೆರೆದಿದ್ದವು. ಅವಳ ಕಾಲ ಬಳಿ, ಗೇರಿನ ಸಂದಿಯಲ್ಲಿ, ಅತ್ತೆಯ ಮಡಿಲಿನಲ್ಲಿ, ಎಲ್ಲೆಲ್ಲೂ ಹಲ್ಲು.

ಬಹಳ ಹೊತ್ತು ಯಾರೂ ಇಳಿಯಲಿಲ್ಲ. ಬೀರುವಿನವರು ಕಿಟಕಿಯ ಬಳಿ ಬಂದು ಏನೋ ಕೇಳುತ್ತಿದ್ದರು. ಅವಳಿಗೆ ಅವರ ತುಟಿ ಆಡುವುದು ಕಾಣುತ್ತಿತ್ತು, ಮಾತು ತಲೆಗೆ ಹೋಗುತ್ತಿರಲಿಲ್ಲ. ಸ್ಟೇರಿಂಗಿನಿಂದ ಬೆರಳು ಬಿಡಿಸಿಕೊಳ್ಳಲು ಆಗಲಿಲ್ಲ. ಕೊನೆಗೆ ಮಾವನೇ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ಚೆನ್ನಾಗಿ ಓಡಿಸಿದೆ," ಎಂದರು. ಆಮೇಲೆ ತಮಗೆ ತಾವೇ ಎಂಬಂತೆ, "ಕಣ್ಣಾರೆ ನೋಡಿದ್ದೆನಲ್ಲ. ಕಿರುಬೆರಳಿನಷ್ಟು ದಪ್ಪ ಇತ್ತು," ಎಂದರು.

ಗ್ಯಾರೇಜು ಹತ್ತಿರದಲ್ಲೇ ಇತ್ತು. ಅದನ್ನು ನಡೆಸುತ್ತಿದ್ದಾಕೆ ಭಾನುವಾರವಾದರೂ ಬಾಗಿಲು ತೆರೆದಿದ್ದಳು. ಕಾರನ್ನು ಎಳೆದು ತರಿಸಿ, ಜಾಕ್ ಮೇಲೆ ಎತ್ತಿ, ಚಕ್ರ ಬಿಚ್ಚಿದಳು. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಒಳಗೆಲ್ಲ ಸೋರಿ ಮುದ್ದೆಯಾಗಿತ್ತು. ಡಿಸ್ಕಿನ ಹೊರಮೈ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಮೈಯನ್ನು ನೋಡಿದರೆ ನೇಗಿಲು ಹೊಡೆದ ಹಾಗೆ ಗೀರು ಗೀರು.

ಆಕೆ ಎರಡು ತುಂಡುಗಳನ್ನು ತೆಗೆದು ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟಳು. ಒಂದು ಮಾವ ಟಾರ್ಚಿನಲ್ಲಿ ನೋಡಿದ್ದ ಹೊರಗಿನ ಪ್ಯಾಡ್, ದಪ್ಪವಾಗಿ, ಗಟ್ಟಿಮುಟ್ಟಾಗಿ ಇತ್ತು. ಇನ್ನೊಂದು ಒಳಗಿನದು. ಅದರಲ್ಲಿ ಪ್ಯಾಡ್ ಎಂಬುದೇ ಇರಲಿಲ್ಲ. ಅದನ್ನು ಹೊತ್ತಿದ್ದ ಕಬ್ಬಿಣದ ಹಲಗೆಯೂ ಸವೆದು, ತೆಳ್ಳಗಾಗಿ, ಒಂದು ಮೂಲೆ ಸೀಳಿ ಹೋಗಿತ್ತು.

"ಎರಡೂ ಒಂದೇ ಚಕ್ರದ್ದಾ?" ಎಂದು ಕೇಳಿದರು ಮಾವ.

"ಒಂದೇ ಚಕ್ರದ್ದು, ಯಜಮಾನ್ರೇ. ಇವೆರಡನ್ನೂ ಹಿಡಿಯೋ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಬೇಕು. ನಿಮ್ಮದು ತುಕ್ಕು ಹಿಡಿದು ಜಾಮ್ ಆಗಿದೆ. ಜಾರದೇ ಇದ್ರೆ ಒಳಗಿನ ಪ್ಯಾಡ್ ಒಂದೇ ಕೆಲಸ ಮಾಡುತ್ತೆ, ಹೊರಗಿನದು ಸುಮ್ಮನೆ ನೋಡ್ತಾ ಕೂತಿರುತ್ತೆ. ಹೊರಗಿಂದ ಬಗ್ಗಿ ನೋಡಿದವರಿಗೆ ಕಾಣೋದು ಸುಮ್ಮನೆ ಕೂತಿರೋದೇ."

ಮಾವ ಆ ಕಬ್ಬಿಣದ ಹಲಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ದೊಡ್ಡ ಬಸ್ಸುಗಳ ಡ್ರಮ್ ಬ್ರೇಕಿನಲ್ಲಿ ಬೆಳೆದವರು ಅವರು. ಅಲ್ಲಿ ಹೀಗೆ ಒಂದು ಕಡೆ ಉಪವಾಸ, ಇನ್ನೊಂದು ಕಡೆ ದುಡಿತ ಇರುತ್ತಿರಲಿಲ್ಲ.

"ಆದ್ರೆ ಇದು ಸುಮ್ಮನೆ ಹೋಗಲ್ವಲ್ಲ," ಎಂದಳು ಗ್ಯಾರೇಜಿನಾಕೆ. ಹಲಗೆಯ ತುದಿಯಲ್ಲಿ ಮುರಿದು ಉಳಿದಿದ್ದ ಒಂದು ಪುಟ್ಟ ತಗಡಿನ ಮೊಂಡನ್ನು ತೋರಿಸಿದಳು. "ಪ್ಯಾಡ್ ಸವೆದಾಗ ಈ ತಗಡು ಡಿಸ್ಕಿಗೆ ತಾಗಿ ಕೂಗ್ಲಿ ಅಂತಾನೇ ಇಟ್ಟಿರ್ತಾರೆ. ಕೂಗಿ ಕೂಗಿ ಕೊನೆಗೆ ಮುರಿದಿದೆ. ವಾರಗಟ್ಟಲೆ ಕೂಗಿರಬೇಕು. ಕೇಳಿಸಲಿಲ್ವಾ ನಿಮಗೆ?"

ಸೊಸೆ ನೆಲ ನೋಡಿದಳು. ಕೂಗು ನಿಂತ ದಿನ ತಾನು ಎಷ್ಟು ಹಗುರಾಗಿದ್ದೆ ಎಂಬುದು ಅವಳಿಗೆ ನೆನಪಾಯಿತು. ಅಂದು ವಾಸಿಯಾದದ್ದು ಏನೂ ಇರಲಿಲ್ಲ. ಎಚ್ಚರಿಸುತ್ತಿದ್ದ ನಾಲಿಗೆ ಮುರಿದುಬಿದ್ದಿತ್ತು, ಅಷ್ಟೇ.

"ಕೂಗು ಅಂದ್ರೆ ಎಂಥದು?" ಎಂದರು ಮಾವ. "ನನ್ನ ಸೊಸೆ ಹೇಳಿದ್ಲು. ನಾನು ಪಕ್ಕದಲ್ಲೇ ಕೂತಿದ್ದೆ. ಅಂಥದ್ದೇನೂ ಇರಲಿಲ್ಲ."

"ಇಲ್ಲೇ ಇದೆಯಲ್ಲ ಒಂದು," ಎಂದು ಆಕೆ ಪಕ್ಕದಲ್ಲಿ ಮೇಲೆತ್ತಿದ್ದ ಬೇರೊಂದು ಕಾರಿನ ಹತ್ತಿರ ಹೋದಳು. "ಇದೂ ಅದೇ ಕಾಯಿಲೆಗೆ ಬಂದದ್ದು." ಎರಡೂ ಕೈಯಿಂದ ಚಕ್ರ ತಿರುಗಿಸಿದಳು.

ಕೀಂ ಎನ್ನುವ ಶಬ್ದ ತಗಡಿನ ಛಾವಣಿಗೆ ಬಡಿದು ಇಡೀ ಗ್ಯಾರೇಜು ತುಂಬಿಕೊಂಡಿತು. ಸೊಸೆಯ ದವಡೆ ಜುಮ್ಮೆಂದಿತು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು. ಮೂಲೆಯಲ್ಲಿ ಟೈರಿಗೆ ಗಾಳಿ ಹಾಕುತ್ತಿದ್ದವನು ಮುಖ ಕಿವಿಚಿದ.

ಮಾವ ಕೈ ಹಿಂದೆ ಕಟ್ಟಿಕೊಂಡು, ತಲೆ ಸ್ವಲ್ಪ ವಾಲಿಸಿ, ಕಾಯುತ್ತ ನಿಂತಿದ್ದರು.

"ಹೂಂ, ತಿರುಗಿಸಿ," ಎಂದರು. "ಕೇಳೋಣ."

ಗ್ಯಾರೇಜಿನಾಕೆ ಸೊಸೆಯ ಮುಖ ನೋಡಿದಳು. ಆಕೆಯ ಕೈ ಇನ್ನೂ ಚಕ್ರದ ಮೇಲೇ ಇತ್ತು. ಚಕ್ರ ತಿರುಗುತ್ತಲೇ ಇತ್ತು. ಕೂಗು ಏಳುತ್ತಲೇ ಇತ್ತು.

"ಮಾವ," ಎಂದಳು, "ಅದು ಕೂಗ್ತಾನೇ ಇದೆ."

ಮಾವ ಅವಳನ್ನು ನೋಡಿದರು. ಆಮೇಲೆ ಕಿವಿ ಮುಚ್ಚಿಕೊಂಡಿದ್ದ ಹೆಂಡತಿಯನ್ನು ನೋಡಿದರು. ಮುಖ ಕಿವಿಚಿದ್ದ ಆ ಮೂಲೆಯವನನ್ನು ನೋಡಿದರು. ಒಬ್ಬೊಬ್ಬರ ಮುಖದಿಂದಲೂ ಆ ಶಬ್ದವನ್ನು ಹೆಕ್ಕಿ ತೆಗೆಯುವವರ ಹಾಗೆ. ಆಮೇಲೆ ನಿಧಾನವಾಗಿ ಹತ್ತಿರ ಹೋಗಿ, ತಿರುಗುತ್ತಿದ್ದ ಚಕ್ರದ ಒಳಗಡೆ ಕ್ಯಾಲಿಪರಿನ ಮೇಲೆ ಎರಡು ಬೆರಳಿಟ್ಟರು.

"ಹೌದು," ಎಂದರು. "ಇದೆ. ಬೆರಳಿಗೆ ಸಿಗ್ತಿದೆ."

ಬೆರಳು ತೆಗೆದು ಅಂಗಿಗೆ ಒರೆಸಿಕೊಂಡರು.

ಮನೆಯಲ್ಲಿ ಗಂಡ ಮಧ್ಯಾಹ್ನದ ಊಟಕ್ಕೆ ಬಂದಿದ್ದ. ಕಾರಿನ ಕಥೆ ಕೇಳಿ ಕುರ್ಚಿಯ ತುದಿಗೆ ಕೂತ. ಹೆಂಡತಿ ಅಪ್ಪನ ಕಿವಿಯ ವಿಷಯ ಎತ್ತಿದಾಗ ಎದ್ದೇಬಿಟ್ಟ.

"ಏನು ಮಾತು ಅಂತ ಆಡ್ತೀಯಾ? ಯಾವುದೋ ಗ್ಯಾರೇಜಲ್ಲಿ ಏನೋ ಗದ್ದಲ ಇರುತ್ತೆ. ಅಪ್ಪನ ಕಿವಿ ಅಂದ್ರೆ..."

"ಕೂತ್ಕೋ," ಎಂದರು ಮಾವ. ಅವನು ಕೂತ. ಮಾವ ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತು."

ಅತ್ತೆ ಸೆರಗಿನ ಅಂಚು ಹಿಡಿದುಕೊಂಡರು.

"ಹೇಳು. ಗೊತ್ತಿತ್ತು ತಾನೇ? ನನಗೆ ಕೇಳಿಸ್ತಿಲ್ಲ ಅಂತ ಗೊತ್ತಾದಾಗ ಗ್ಯಾರೇಜಲ್ಲಿ ಎಲ್ಲರೂ ಬೆಚ್ಚಿದ್ರು. ನೀನೊಬ್ಬಳು ಬೆಚ್ಚಲಿಲ್ಲ."

"ಕೀಚಲು ದನಿ ಕೇಳಿಸಲ್ಲ ನಿಮಗೆ," ಎಂದರು ಅತ್ತೆ. "ಓವನ್ ಪೀಪಿ ಊದಿದ್ರೆ ಕೇಳಿಸಲ್ಲ. ಕಿಟಕಿ ಹೊರಗೆ ಹಕ್ಕಿ ಕೂಗಿದ್ರೆ ಕೇಳಿಸಲ್ಲ. ಫೋನಿನ ಗಂಟೆ ನಾನೇ ಬದಲಿಸಿದೆ, ದಪ್ಪ ದನೀದು ಹಾಕಿದೆ. ಮಾತೆಲ್ಲ ಕೇಳಿಸುತ್ತಲ್ಲ, ಇನ್ನೇನು ಬೇಕು ಅಂದ್ಕೊಂಡೆ."

"ಯಾವಾಗಿಂದ?"

"ವರ್ಷಗಳೇ ಆಯ್ತು. ಸರಿಯಾಗಿ ಗೊತ್ತಿಲ್ಲ."

ಸೊಸೆ ಗೋಡೆಗೆ ಒರಗಿದಳು. ಅವಳಿಗೆ ಮಾವನ ಕಿವಿಯ ವಿಷಯಕ್ಕಿಂತ ಹೆಚ್ಚು ಗಾಬರಿಯಾದದ್ದು ಅತ್ತೆಯ ಮಾತಿಗೆ. "ಅತ್ತೆ, ನೀವೂ ಮನೇಲೇ ಇದ್ರಲ್ಲ. ನಾನು ಶಬ್ದ ಬರ್ತಿದೆ ಅಂದಾಗ, ಮಾವ ಇಲ್ಲ ಅಂದಾಗ, ನಿಮಗೆ ಒಂದು ಮಾತು..."

"ಹೊಳೀಲಿಲ್ಲ ಕಣಮ್ಮಾ." ಅತ್ತೆಯ ಕಣ್ಣು ತುಂಬಿತ್ತು. "ದೇವರಾಣೆ ಹೊಳೀಲಿಲ್ಲ. ಹಕ್ಕಿ ಕೇಳಿಸದೇ ಇರೋದು ಬೇರೆ, ಬ್ರೇಕ್ ಬೇರೆ ಅಂತ ಅಂದ್ಕೊಂಡಿದ್ದೆ. ಬ್ರೇಕ್ ಅಂದ್ರೆ ಅವರದ್ದು. ಅದರಲ್ಲಿ ಅವರಿಗೆ ಕೇಳಿಸದೇ ಇರುತ್ತಾ ಅಂತ."

ಗಂಡ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ನನಗೂ ಕೇಳಿಸಿತ್ತು," ಎಂದ, ಯಾರನ್ನೂ ನೋಡದೆ. "ಆ ಶಬ್ದ ನನಗೂ ಕೇಳಿಸಿತ್ತು, ಅಪ್ಪ."

ಮಾವನ ಮನಸ್ಸು ಬೇರೆಲ್ಲೋ ಹೋಗಿತ್ತು. "ವರ್ಷಗಳೇ ಆಯ್ತು ಅಂದ್ಯಲ್ಲ," ಎಂದರು ಹೆಂಡತಿಗೆ. "ನಾನು ಡಿಪೊ ಬಿಡೋಕೆ ಮುಂಚೆಯೋ, ಆಮೇಲೋ?"

ಅತ್ತೆ ಬಾಯಿ ತೆರೆದು ಮುಚ್ಚಿದರು. ಆ ಉತ್ತರವಿಲ್ಲದ ಉತ್ತರಕ್ಕೆ ಮಾವ ಕೂತಲ್ಲೇ ಕುಸಿದರು. ಎಷ್ಟು ಬಸ್ಸು ತಮ್ಮ ಮುಂದೆ ಹಾದಿದ್ದವು, ಎಷ್ಟಕ್ಕೆ ಹೂಂ ಎಂದಿದ್ದರು, ಒಂದೊಂದರಲ್ಲೂ ನಿಂತವರು, ಕೂತವರು, ನೇತಾಡುವವರು. ಅದೆಲ್ಲ ಅವರ ಕಣ್ಣ ಮುಂದೆ ಬರುತ್ತಿದೆ ಎಂದು ಹೇಳಿಸಿಕೊಳ್ಳದೆಯೇ ಸೊಸೆಗೆ ಗೊತ್ತಾಯಿತು.

ಮಾರನೇ ದಿನ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟು ನಿಂತರು. ಮಗ ಜೊತೆಗೆ ಬರುತ್ತೇನೆಂದ. "ಬೇಡ, ಸೊಸೆ ಬರಲಿ," ಎಂದರು. ಅವಳು ಲ್ಯಾಬಿಗೆ ರಜೆ ಹೇಳಿದಳು.

ಡಿಪೊದ ಶೆಡ್ಡಿನಲ್ಲಿ ಬಸ್ಸುಗಳು ಸಾಲಾಗಿ ನಿಂತಿದ್ದವು. ನೆಲದಲ್ಲಿ ತೋಡಿದ ಉದ್ದನೆಯ ಗುಂಡಿಗಳಲ್ಲಿ ಜನ ನಿಂತು ಮೇಲೆ ನೋಡುತ್ತ ಕೆಲಸ ಮಾಡುತ್ತಿದ್ದರು. ಈಗಿನ ಫೋರ್‌ಮನ್ ಮಾವನ ಕೈಕೆಳಗೆ ಕೆಲಸ ಕಲಿತವನು. ಕಂಡ ಕೂಡಲೇ ಕೈ ಒರೆಸಿಕೊಂಡು ಓಡಿಬಂದ. "ಮೇಷ್ಟ್ರೇ, ಬನ್ನಿ ಬನ್ನಿ" ಎಂದು ಕುರ್ಚಿ ಎಳೆದ.

ಮಾವ ಕೂರಲಿಲ್ಲ. "ನನ್ನ ಕಿವಿ ಹೋಗಿದೆ," ಎಂದರು. "ನಿನ್ನೆ ಗೊತ್ತಾಯ್ತು. ಇಲ್ಲಿ ಇದ್ದಾಗಲೇ ಹೋಗಿತ್ತೋ ಏನೋ. ನಾನು ಕೊನೆಕೊನೆಗೆ ಪಾಸ್ ಮಾಡಿದ ಬಸ್ಸುಗಳಲ್ಲಿ ಏನಾದ್ರೂ ಆಗಿತ್ತಾ? ನನ್ನಿಂದ ಯಾರಿಗಾದ್ರೂ ಏನಾದ್ರೂ ಆಗಿತ್ತಾ? ಮುಚ್ಚಿಡಬೇಡ."

ಫೋರ್‌ಮನ್ ಸೊಸೆಯ ಕಡೆ ಒಮ್ಮೆ ನೋಡಿ, ಮತ್ತೆ ಮಾವನನ್ನು ನೋಡಿದ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅದನ್ನು ಮೊದಲು ಗಮನಿಸಿದವಳು ಸೊಸೆ.

"ಯಾರಿಗೂ ಏನೂ ಆಗಿಲ್ಲ, ಮೇಷ್ಟ್ರೇ."

"ಅಷ್ಟು ಗಟ್ಟಿಯಾಗಿ ಹೇಗೆ ಹೇಳ್ತೀಯಾ?"

ಅವನು ಕೈಯಲ್ಲಿದ್ದ ಬಟ್ಟೆಯನ್ನು ಹಿಂಡಿದ. "ನೀವು ಪಾಸ್ ಮಾಡಿದ ಮೇಲೆ ನಾವು ಬಸ್ಸನ್ನ ಹಿಂದಿನ ಗುಂಡಿಗೆ ತಗೊಂಡು ಹೋಗಿ ಚಕ್ರ ಬಿಚ್ಚಿ ಅಳತೆ ಮಾಡ್ತಿದ್ವಿ. ಎಲ್ಲಾ ಬಸ್ಸಿನದೂ. ನಿಮ್ಮ ಕೊನೇ ವರ್ಷಗಳಲ್ಲಿ."

"ನನಗೆ ಗೊತ್ತಿಲ್ಲದ ಹಾಗೆ?"

"ನೀವು ಊಟಕ್ಕೆ ಹೋದಾಗ."

"ನನ್ನ ಮಾತು ತಪ್ಪಿತ್ತಾ?"

"ಕೆಲವು ಸಲ ತಪ್ಪಿತ್ತು, ಮೇಷ್ಟ್ರೇ."

ಮಾವ ಹಿಂದಕ್ಕೆ ಕೈ ಹಾಕಿ ತಡಕಾಡಿ, ಅಲ್ಲಿದ್ದ ಟೈರುಗಳ ರಾಶಿಯ ಮೇಲೆ ಕೂತರು. ಯಾರಿಗೂ ಏನೂ ಆಗಲಿಲ್ಲ ಎಂಬ ಮಾತು ಅವರನ್ನು ಮೊದಲು ತಲುಪಿತು. ಎದೆಯಿಂದ ದೊಡ್ಡ ಉಸಿರು ಹೊರಬಂತು. ಎರಡನೆಯದು ಆಮೇಲೆ ತಲುಪಿತು. ಅದು ತಲುಪಿದ್ದು ಅವರ ಮುಖದಲ್ಲಿ ಕಾಣಿಸಿತು.

"ಇಷ್ಟೂ ಜನಕ್ಕೆ ಗೊತ್ತಿತ್ತು," ಎಂದರು. "ಮನೇಲಿ ಅವಳಿಗೆ ಗೊತ್ತಿತ್ತು. ಇಲ್ಲಿ ನಿಮಗೆಲ್ಲ ಗೊತ್ತಿತ್ತು. ಗಡಿಯಾರದ ಮೇಲೆ ಆ ಹೆಸರು ಕೆತ್ತಿಸಿದಾಗಲೂ ಗೊತ್ತಿತ್ತು."

"ನಿಮಗೆ ಬೇಜಾರಾಗುತ್ತೆ ಅಂತ. ನಮಗೆ ಕೆಲಸ ಕಲಿಸಿದವರು ನೀವು. ಎದುರಿಗೆ ನಿಂತು ಹೇಗೆ ಹೇಳೋದು?"

"ಹೀಗೇ ಹೇಳೋದು. ಕಿವಿ ಕೇಳಿಸ್ತಿಲ್ಲ ಅಂತ. ಎರಡು ಮಾತು." ಮಾವ ದನಿ ಏರಿಸಲಿಲ್ಲ. ಸೊಸೆಯ ಕಡೆ ಕೈ ತೋರಿಸಿದರು. "ನಿನ್ನೆ ಇವಳು ಬ್ರೇಕಿಲ್ಲದ ಕಾರಲ್ಲಿ ಗುಡ್ಡ ಇಳಿದಳು. ಶಬ್ದ ಬರ್ತಿದೆ ಅಂತ ನನ್ನ ಹತ್ತಿರ ಬಂದು ಹೇಳಿದ್ದಳು. ಇಲ್ಲ ಅಂದೆ. ನಂಬಿದಳು. ನೀವೆಲ್ಲ ನನಗೆ ಗೌರವ ಕೊಟ್ಟಿರಿ, ಅದರ ಬಿಲ್ಲು ಇವಳ ಕೈಗೆ ಬಂತು."

ಫೋರ್‌ಮನ್ ತಲೆ ತಗ್ಗಿಸಿದ. ಗುಂಡಿಯಲ್ಲಿದ್ದ ಒಬ್ಬ ಕೆಲಸ ನಿಲ್ಲಿಸಿ ಇತ್ತ ನೋಡುತ್ತಿದ್ದವನು ಮತ್ತೆ ಸ್ಪಾನರ್ ಎತ್ತಿಕೊಂಡ. ಮಾವ ಎದ್ದು, ಹೋಗುವ ಮುಂಚೆ ಫೋರ್‌ಮನ್‌ನ ಭುಜದ ಮೇಲೆ ಕೈಯಿಟ್ಟರು. "ಬಿಚ್ಚಿ ನೋಡಿದ್ದು ಒಳ್ಳೇದಾಯ್ತು," ಎಂದರು. "ನೀವು ಹಾಗೆ ಮಾಡದೇ ಇದ್ದಿದ್ರೆ ಇವತ್ತು ನಾನು ಯಾವ ಮುಖ ಹೊತ್ತು ಬದುಕಬೇಕಿತ್ತೋ."

ವಾಪಸು ಬರುವಾಗ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಸೊಸೆಗೆ ಏನಾದರೂ ಹೇಳಬೇಕು ಎನಿಸುತ್ತಿತ್ತು. ಆದರೆ ಸಮಾಧಾನದ ಮಾತು ಯಾವುದನ್ನು ನೆನೆದರೂ ಅದು ಫೋರ್‌ಮನ್ ಆಡಿದಂಥದ್ದೇ ಆಗುತ್ತಿತ್ತು.

ಮಾರುಕಟ್ಟೆಯ ಸ್ಟಾಪಿನಲ್ಲಿ ಬಸ್ಸು ನಿಲ್ಲುವಾಗ ಹಿಂದಿನ ಚಕ್ರದಿಂದ ಸಣ್ಣಗೆ ಕೀಚಲು ಶಬ್ದ ಬಂತು. ಅವಳ ಭುಜ ತಾನಾಗೇ ಬಿಗಿಯಿತು. ಮಾವ ಅದನ್ನು ನೋಡಿದರು.

"ಏನಾಯ್ತು?"

"ಏನಿಲ್ಲ, ಮಾವ," ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿದಳು. "ಕೂಗ್ತು. ಹಿಂದಿನ ಚಕ್ರ."

"ಯಾವ ಕಡೇದು?"

"ಬಾಗಿಲ ಕಡೇದು."

ಮಾವ ಕಂಬಿ ಹಿಡಿದು ಎದ್ದು ಡ್ರೈವರಿನ ಹತ್ತಿರ ಹೋದರು. ಅವಳೂ ಹಿಂದೆಯೇ ಹೋದಳು. "ಬಾಗಿಲ ಕಡೆ ಹಿಂದಿನ ಬ್ರೇಕ್ ಕೂಗ್ತಿದೆ," ಎಂದರು ಅವರು. "ಇವತ್ತೇ ಡಿಪೊದಲ್ಲಿ ಹೇಳಿ."

ಡ್ರೈವರ್ ಕನ್ನಡಿಯಲ್ಲಿ ಅವರನ್ನು ಅಳೆಯುವ ಹಾಗೆ ನೋಡಿದ. "ನಿಮಗೆ ಕೇಳಿಸ್ತಾ, ಯಜಮಾನ್ರೇ?"

"ನನಗಿಲ್ಲ. ನನ್ನ ಸೊಸೆಗೆ ಕೇಳಿಸ್ತು," ಎಂದರು ಮಾವ. "ಚಕ್ರ ಬಿಚ್ಚಿಸಿ. ಒಳಗಡೇನೂ ನೋಡೋಕೆ ಹೇಳಿ."

ಸೀಟಿಗೆ ಬಂದು ಕೂತ ಮೇಲೆ ಅವರು ಕಿಟಕಿಯಾಚೆ ನೋಡುತ್ತಿದ್ದರು. ಬಸ್ಸು ಗುಡ್ಡದ ಏರು ಹತ್ತಲು ಶುರುಮಾಡಿದಾಗ, ತಲೆ ತಿರುಗಿಸದೆಯೇ, "ಕಿವಿ ಡಾಕ್ಟರ ಹತ್ತಿರ ಹೋಗಬೇಕು," ಎಂದರು. "ನೀನೂ ಜೊತೆಗೆ ಬಾಮ್ಮಾ. ಅವರು ಹೇಳಿದ್ದರಲ್ಲಿ ನನಗೆ ಎಷ್ಟು ಕೇಳಿಸುತ್ತೋ, ಎಷ್ಟು ಬಿಟ್ಟುಹೋಗುತ್ತೋ."